ಹಿಂಗಾಲಿನ ಬೊಟ್ಟು

ಅವರ ಹೆಸರು ಬರೆಯುವುದಿಲ್ಲ. ತಾವು ಮಾಡಿದ ಕೆಲಸದ ಮೇಲೆ ತಮ್ಮ ಗುರುತು ಇರಕೂಡದು ಎಂದಾಗ ತಲೆಯಾಡಿಸಿ ಒಪ್ಪಿದ ಮನುಷ್ಯ ಅವರು. ಸತ್ತ ಮೇಲೆ ನಾನು ಹೆಸರು ಹಾಕಿ ಮೆರೆಸಿದರೆ ಅದು ತೀರಾ ತಡವಾದ ಸನ್ಮಾನವಾಗುತ್ತದೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಗದಗ, ಹಾವೇರಿ ಕಡೆಯಿಂದ ಬಂದ ಹುಡುಗರು ಚಿಕ್ಕಪ್ಪನನ್ನು ಕರೆಯುವುದು ಹಾಗೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಾನೂ ಕೆಲಸಕ್ಕೆ ಸೇರಿದ ವಾರದಲ್ಲೇ ಕಾಕಾ ಅನ್ನತೊಡಗಿದೆ. ಹಾಗಾಗಿ ಅವರ ಹೆಂಡತಿ ನಮಗೆಲ್ಲ ಚಿಗವ್ವ, ಅಂದರೆ ಚಿಕ್ಕಮ್ಮ.

ಶೆಡ್ ದೊಡ್ಡದೇನಲ್ಲ. ತಗಡಿನ ಸೂರು, ಒಂದು ಕ್ರೇನು, ಮೂಲೆಯ ಕಬ್ಬಿಣದ ಮೆಟ್ಟಿಲು ಹತ್ತಿದರೆ ನಾನು ಕೂತು ಡ್ರಾಯಿಂಗ್ ಮಾಡುವ ಕೋಣೆ. ನಾವು ಸ್ಟೀಲ್ ಟ್ಯಾಂಕ್ ಮಾಡುತ್ತೇವೆ. ಕಂಪ್ಯೂಟರಿನಲ್ಲಿ ಗೆರೆ ಎಳೆಯುವವಳು ನಾನು, ಆ ಗೆರೆಗೆ ಮೈ ಕೊಡುತ್ತಿದ್ದವರು ಕಾಕಾ. ಅವರು ಶೆಡ್ಡಿನ ಫೋರ್‌ಮನ್, ಜೊತೆಗೆ ಮುಖ್ಯ ವೆಲ್ಡರ್ ಕೂಡ. ನಾಜೂಕಿನ ಜೋಡಣೆಗಳನ್ನು ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ಮೊದಲೆಲ್ಲ ನಮಗೆ ಹಾಲಿನ ಡೈರಿಗಳ ಕೆಲಸವೇ ಬರುತ್ತಿತ್ತು. ಆಮೇಲೆ ಹೂಡಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಲೋಟಕ್ಕೆ ಸುರಿದು ಮಾರುವ ಬ್ರೂವರಿಗಳು ಒಂದರ ಹಿಂದೊಂದು ಎದ್ದವು. ಅವರಿಗೆ ಗಾಜಿನ ಹಿಂದೆ ಹೊಳೆಯುವ ಟ್ಯಾಂಕುಗಳು ಬೇಕಾದವು. ನಮ್ಮಲ್ಲಿ ಹಾಲು ಹೋಗಿ ಬಿಯರ್ ಬಂತು.

ಕಾಕಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದರೆ ಸಾಲದು, ಅದು ಅಲ್ಲಿಂದ ಇಳಿದದ್ದೇ ಕಮ್ಮಿ. ಒಮ್ಮೆ ಟ್ಯಾಂಕ್ ನೋಡಲು ಬಂದ ಟೈ ಕಟ್ಟಿದ ಒಬ್ಬಾತ ಜೋಡಣೆಯ ಮೇಲೆ ಬೆರಳಾಡಿಸಿ, ಫೋನಿನಿಂದ ತಲೆ ಎತ್ತದೆ "ಓಕೆ, ಓಕೆ" ಅಂದ. ಕಾಕಾ ಅವನ ಎದುರು ಹೋಗಿ ನಿಂತರು. "ಓಕೆ ಅಂದ್ರ ಏನ್ರಿ? ಚಲೋ ಐತಿ ಅನ್ರಿ, ಇಲ್ಲಾ ಹಾಳಾಗೈತಿ ಅನ್ರಿ. ನಡಕ ನಿಂದ್ರಬ್ಯಾಡ್ರಿ." ಆತ ಕಕ್ಕಾಬಿಕ್ಕಿಯಾಗಿ "ಚೆನ್ನಾಗಿದೆ" ಅಂದಮೇಲೇ ಅವನಿಗೆ ದಾರಿ ಸಿಕ್ಕಿದ್ದು. ಶೆಡ್ಡಿನ ಮಾಲೀಕರಿಗೂ ಇದೇ ಮರ್ಯಾದೆ. ಅವರು ಅವಸರ ಮಾಡಿದರೆ ಕಾಕಾ ಗ್ಲೌಸು ಕಳಚಿ ಅವರ ಕೈಗೇ ಕೊಟ್ಟು, "ತೊಗೋರಿ, ನೀವ ಮಾಡ್ರಿ" ಎಂದು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ನಮಗೆ ಒಳಗೊಳಗೇ ಖುಷಿಯಾಗುತ್ತಿತ್ತು. ನಾವು ನುಂಗಿಕೊಂಡ ಮಾತನ್ನೆಲ್ಲ ಒಬ್ಬರಾದರೂ ಆಡುತ್ತಾರಲ್ಲ ಎಂಬ ಖುಷಿ ಅದು.

ದಿನವಿಡೀ ಸ್ಟೀಲಿನ ನಡುವೆ ಇರುವ ಆ ಮನುಷ್ಯ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಿರಲಿಲ್ಲ. "ನೋಡಿ ನೋಡಿ ಸಾಕಾಗೈತಿ" ಎಂದು ಗಾಜಿನ ಲೋಟವನ್ನೇ ತರಿಸುತ್ತಿದ್ದರು. ಮದುವೆ ಊಟಕ್ಕೆ ಕೂತರೆ ಪಾಯಸದ ಬಕೆಟ್ಟಿನ ಹಿಡಿಕೆಯ ಜೋಡಣೆ ಸರಿಯಿಲ್ಲವೆಂದು ಬಡಿಸುವವನನ್ನೇ ಬೈಯುವರು. ಹೊಗಳಿಸಿಕೊಳ್ಳುವ ಆಸೆ ಬಹಳ ಇತ್ತು, ಆದರೆ ಹೊಗಳಿದರೆ ಬೈಯುತ್ತಿದ್ದರು. "ಕೆಲಸ ಮಾತಾಡ್ಬೇಕು ಬೇ, ನಮ್ಮ ಬಾಯಿ ಅಲ್ಲ" ಎನ್ನುವುದು ಅವರ ಮಾತು. ಅದನ್ನು ದಿನಕ್ಕೆ ಹತ್ತು ಸಲ ಬಾಯಲ್ಲೇ ಹೇಳುತ್ತಿದ್ದರು.

ಇನ್ನು ಬೊಟ್ಟಿನ ವಿಷಯ. ಟ್ಯಾಂಕ್ ತಯಾರಾಗಿ ಲಾರಿ ಹತ್ತುವ ಮುಂಚೆ ಚಿಗವ್ವ ಬಂದು ಅದಕ್ಕೆ ಪೂಜೆ ಮಾಡಬೇಕು. ಇದನ್ನು ಯಾರು ಶುರುಮಾಡಿದರೋ, ನಾನು ಸೇರುವ ಹೊತ್ತಿಗೆ ಅದು ನಡೆದುಕೊಂಡು ಬಂದಿತ್ತು. ಅವರ ಮನೆ ಶೆಡ್ಡಿನ ಹಿಂದಿನ ಗಲ್ಲಿಯಲ್ಲೇ, ಎರಡು ಕೋಣೆಯ ಬಾಡಿಗೆ ಮನೆ. ಇಳಕಲ್ ಸೀರೆ ಉಟ್ಟು, ಊದಿನಕಡ್ಡಿ, ಕಾಯಿ, ಕುಂಕುಮ ಹಿಡಿದು ಬರುತ್ತಿದ್ದರು. ಆದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಸ್ಟೀಲಿನ ಮೇಲೆ ಕುಂಕುಮ ನಿಲ್ಲುವುದಿಲ್ಲ. ಇಟ್ಟದ್ದು ಜಾರಿ ನೆಲಕ್ಕೆ ಉದುರುತ್ತದೆ. "ಕುಂಕುಮ ನಿಲ್ಲವಲ್ದು. ಹಿಂಗ ಉದುರಿದ್ರ ಚಲೋ ಅಲ್ರಿ" ಎಂದು ಚಿಗವ್ವ ಮುಖ ಸಣ್ಣದು ಮಾಡಿಕೊಂಡರಂತೆ. ಕಾಕಾ ಮೂಢನಂಬಿಕೆ, ಹಾಳುಮೂಳು ಎಂದು ಬೈದರು. ಬೈದು, ವೆಲ್ಡರನ ಮುಸುಕು ಮುಖಕ್ಕೆಳೆದುಕೊಂಡು, ಟ್ಯಾಂಕಿನ ಹಿಂಗಾಲಿನ ಒಳಬದಿಗೆ, ಯಾರಿಗೂ ಕಾಣದ ಕಡೆ, ಕಡಲೆಬೇಳೆಯಷ್ಟು ವೆಲ್ಡಿಂಗಿನ ಒಂದು ಹನಿ ಬಿಟ್ಟರು. ಒರಟಾದ ಆ ಹನಿಯ ಮೇಲೆ ಕುಂಕುಮ ಕೂತಿತು. ಅಂದಿನಿಂದ ನಮ್ಮ ಶೆಡ್ಡಿನಿಂದ ಹೋದ ಪ್ರತಿ ಟ್ಯಾಂಕಿಗೂ ಹಿಂಗಾಲಿನಲ್ಲಿ ಆ ಬೊಟ್ಟು. ನಾನು ಅದನ್ನು ಡ್ರಾಯಿಂಗಿನಲ್ಲಿ ತೋರಿಸುತ್ತಿರಲಿಲ್ಲ. ಪಾಲಿಶ್ ಮಾಡುವ ಹುಡುಗರಿಗೆ ಅದನ್ನು ಮುಟ್ಟಬಾರದೆಂದು ತಾಕೀತು ಇತ್ತು.

ಬೊಟ್ಟಿಟ್ಟು ಚಿಗವ್ವ ಕೈಮುಗಿದು ಹೇಳುತ್ತಿದ್ದ ಮಾತು ಒಂದೇ: "ಹಾಲು ಒಡೀದಂಗ ಇರ್ಲಿ ನಮ್ಮಪ್ಪಾ." ಅಲ್ಲಿ ನಿಂತ ಹುಡುಗರು ನಗು ತಡೆಯಲಾರದೆ ಕ್ರೇನಿನ ಹಿಂದೆ ಹೋಗುತ್ತಿದ್ದರು. ಏಕೆಂದರೆ ಟ್ಯಾಂಕ್ ಹಾಲಿನದಲ್ಲ, ಬಿಯರಿನದು. ಕಾಕಾ ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ಚಿಗವ್ವನ ಅಣ್ಣ ಕುಡಿದೇ ಸತ್ತಿದ್ದ, ತವರಿನಲ್ಲಿ ಆ ಮಾತೇ ಎತ್ತುವಂತಿರಲಿಲ್ಲ. ಮೊದಲು ಮಾಡುತ್ತಿದ್ದದ್ದು ಹಾಲಿನ ಟ್ಯಾಂಕೇ ಆದ್ದರಿಂದ, ಬದಲಾದದ್ದನ್ನು ಹೇಳದೆ ಬಿಟ್ಟರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಕಾಕಾ ತಮಗೆ ತಾವೇ ಸಮಾಧಾನ ಮಾಡಿಕೊಂಡಿದ್ದರು.

ಅದಕ್ಕಿಂತ ದೊಡ್ಡದೊಂದನ್ನೂ ಅವರು ಹೇಳಿರಲಿಲ್ಲ. ವೈಟ್‌ಫೀಲ್ಡಿನ ಒಂದು ದೊಡ್ಡ ಬ್ರೂವರಿಗೆ ಆರು ಟ್ಯಾಂಕ್ ಮಾಡಿದಾಗ ಮಾಲೀಕರು ಒಂದು ಕಟ್ಟು ಹಿತ್ತಾಳೆ ಬಿಲ್ಲೆಗಳನ್ನು ತಂದು ಮೇಜಿನ ಮೇಲಿಟ್ಟರು. ಜರ್ಮನಿಯ ಯಾವುದೋ ಕಂಪನಿಯ ಹೆಸರು, ಊರು, ಎಲ್ಲ ಅದರ ಮೇಲೆ ಕೊರೆದಿತ್ತು. ಅದು ಬ್ರೂವರಿಯವರ ಷರತ್ತು: ಬರುವ ಗಿರಾಕಿಗಳಿಗೆ ಟ್ಯಾಂಕ್ ಪೀಣ್ಯದ್ದು ಎಂದು ಕಾಣಬಾರದಂತೆ, ಜರ್ಮನಿಯಿಂದ ಬಂದದ್ದು ಎನ್ನಬೇಕಂತೆ. ನಾವು ಕಾದೆವು, ಈಗ ಕಾಕಾ ಗ್ಲೌಸು ಕಳಚಿ ಎಸೆಯುತ್ತಾರೆ ಎಂದು. ಅವರು ಎಸೆಯಲಿಲ್ಲ. ಸಂಜೆ ತಾವೇ ಒಂದೊಂದು ಬಿಲ್ಲೆಯನ್ನೂ ಮಟ್ಟ ಹಿಡಿದು ಕೂರಿಸಿದರು. ನಾನು ತಡೆಯಲಾರದೆ, "ಹುಡುಗ್ರ ಕೈಲಿ ಹಾಕ್ಸಿದ್ರೆ ಆಗ್ತಿತ್ತಲ್ಲ ಕಾಕಾ" ಅಂದೆ. "ಸೊಟ್ಟ ಕೂತ್ರ ನನ್ನ ಹೆಸರು ಕೆಡತೈತಿ" ಅಂದರು. ಯಾವ ಹೆಸರು ಎಂದು ನಾನು ಕೇಳಿದೆ. ಅವರು ಮುಂದಿನ ಬಿಲ್ಲೆ ಎತ್ತಿಕೊಂಡರು.

ಕಾಕಾ ಮದುವೆಯಾಗಿ ಅಷ್ಟು ವರ್ಷವಾದರೂ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ರಜೆ ಅಂದರೆ ಊರು, ಊರು ಅಂದರೆ ಯಾರದೋ ಮದುವೆ ಇಲ್ಲವೇ ಸಾವು. ಒಂದು ದಸರೆಗೆ ಶೆಡ್ ನಾಲ್ಕು ದಿನ ಮುಚ್ಚಿದಾಗ ಅದೇನು ಮನಸ್ಸಿಗೆ ಬಂತೋ, ಟೂರ್ ಹೋಗೋಣ ಅಂದರಂತೆ. ಗೋವಾ, ಊಟಿ ಎಂದೆಲ್ಲ ಹೆಸರು ಹೇಳಿದರಂತೆ. ಚಿಗವ್ವ ಅದನ್ನೆಲ್ಲ ಪಕ್ಕಕ್ಕೆ ಸರಿಸಿ, "ನಿಮ್ಮ ಟ್ಯಾಂಕ್ ಎಲ್ಲೆಲ್ಲಿ ಅದಾವ, ಅಲ್ಲಿಗೆ ಕರ್ಕೊಂಡು ಹೋಗ್ರಿ" ಅಂದರು. "ಬೊಟ್ಟಿಟ್ಟು ಕಳಿಸೀನಿ. ಹೆಂಗದಾವ ಅಂತ ಒಮ್ಮೆ ನೋಡಿ ಬರಬಾರದೇನು?"

ಕಾಕಾ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಅವರು ಮೇಲೆ ಬರುವುದೇ ಅಪರೂಪ. ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಕೇಳಿದರು:

"ವೈಟ್‌ಫೀಲ್ಡಿನ್ಯಾಗ ಹಾಲಿನ ಡೈರಿ ಯಾವುದಾರ ಐತೇನು ಬೇ? ಗಾಜಿನ ಗ್ವಾಡಿ ಇರೂದು?"

ನನಗೆ ನಗು ತಡೆಯಲಾಗಲಿಲ್ಲ. "ಅಲ್ಲಿ ಹಾಲು ಪ್ಯಾಕೆಟ್ಟಲ್ಲೇ ಬರೋದು ಕಾಕಾ. ಚಿಗವ್ವಂಗೆ ನಿಜ ಹೇಳ್ಬಿಡಿ."

"ನೀ ಹೇಳು."

"ನಾನ್ಯಾಕೆ ಹೇಳ್ಲಿ? ಹಾಲು ಅಂದಿದ್ದು ನೀವು."

ಮಾರನೆಯ ದಿನ ಚಿಗವ್ವನೇ ಬಂದು ನನ್ನನ್ನೂ ಹೊರಡಿಸಿದರು. "ಎರಡು ದಿನ ಅವ್ರ ಸಂಗ್ತಿ ನಾ ಒಬ್ಬಾಕಿನ ಹೆಂಗಿರ್ಲಿ? ಮಾತಾಡೂ ಮಂದಿ ಬೇಕು" ಎಂದರು. ನನ್ನ ದೊಡ್ಡಮ್ಮನ ಮನೆ ಹೂಡಿಯಲ್ಲೇ ಇತ್ತು, ಅವರು ಆ ಊರಿನ ಹಳೆಯ ಮನೆತನದವರು. ನಾನು ಅಲ್ಲಿ ಮಲಗುವುದು, ಗಂಡ ಹೆಂಡತಿ ವೈಟ್‌ಫೀಲ್ಡಿನ ಲಾಡ್ಜಿನಲ್ಲಿ ಇರುವುದು ಎಂದಾಯಿತು.

ಪೀಣ್ಯದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಹೋದೆವು. ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದೇ ಅವರಿಗೆ ಪರವೂರು. ಚಿಗವ್ವ ಗರಿಗರಿ ಕಟಿರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ಬುತ್ತಿ ಕಟ್ಟಿದ್ದರು. ರೈಲಿನಲ್ಲಿ ತಿನ್ನುವಂತಿಲ್ಲ ಎಂದು ಗಾರ್ಡ್ ಹೇಳಿದಾಗ, "ಬುತ್ತಿ ಬಿಚ್ಚದ ಹೋಗೂದಂದ್ರ ಯಾವ ಸೀಮಿ ಟೂರು?" ಎಂದು ಗಂಟು ಮತ್ತೆ ಬಿಗಿದರು. ಕಾಕಾ ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಎಂದು ಬಾಯಿ ತೆರೆಯುವರು, ಮುಂದಿನ ಸ್ಟೇಷನ್ನಿನ ಹೆಸರು ಕೂಗಿದ ಕೂಡಲೇ ಮುಚ್ಚುವರು. ನನಗೆ ಪಾಪ ಅನ್ನಿಸಲಿಲ್ಲ, ತಮಾಷೆ ಅನ್ನಿಸಿತು. ಶೆಡ್ಡಿನಲ್ಲಿ ಗುಡುಗುವ ಮನುಷ್ಯ ಹೆಂಡತಿಯ ಪಕ್ಕ ಶಾಲೆ ತಪ್ಪಿಸಿಕೊಂಡವನ ಹಾಗೆ ಕೂತಿದ್ದರು.

ಮೊದಲ ಬ್ರೂವರಿ ಹೂಡಿಯಲ್ಲಿ, ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಮಧ್ಯಾಹ್ನದ ಹೊತ್ತು, ಅರ್ಧ ಮೇಜುಗಳು ಖಾಲಿ. ಒಳಗೆ ಏನೋ ಕುದಿಯುತ್ತಿತ್ತು. ಬಾಗಿಲಲ್ಲೇ ಚಿಗವ್ವ ನಿಂತು ಮೂಗರಳಿಸಿದರು. "ಅಂಬಲಿ ಹುಳಿ ಬಂದಂಗ ವಾಸನಿ" ಅಂದರು. ಕಾಕಾ ಮುಖದಲ್ಲಿ ಬೆವರು.

"ಇದು... ಹಾಲಿಂದಲ್ಲ" ಅಂದರು.

"ಗೊತ್ತೈತಿ. ನಡೀರಿ ಒಳಗ."

"ಗೊತ್ತೈತಿ? ಯಾವಾಗಿಂದ?"

"ಲಾರಿ ಡ್ರೈವರಗ ಕೇಳಿದ್ದೆ, ಎಲ್ಲಿಗೆ ಒಯ್ಯಾಕತ್ತೀ ಅಂತ. ಭಾಳ ವರ್ಷ ಆತು."

"ಮತ್ತ ಹಾಲು ಒಡೀದಂಗ ಇರ್ಲಿ ಅಂತಿದ್ದೆಲ್ಲ?"

"ನೀವು ಹಾಲು ಅಂದ್ರಿ, ನಾನೂ ಹಾಲು ಅಂದೆ. ಅಷ್ಟು ಹುಡುಗರ ಮುಂದ ನಿಮ್ಮ ಮಾತು ಬೀಳಬಾರದಲ್ಲ."

ಕಾಕಾ ಆಕೆಯ ಅಣ್ಣನ ವಿಷಯ ತೊದಲಿದರು. "ನಮ್ಮಣ್ಣ ಕುಡಿದು ಸತ್ತ. ಟ್ಯಾಂಕ್ ಮಾಡಿದವ್ರು ಕೊಂದ್ರೇನು?" ಎಂದು ಚಿಗವ್ವ ಒಳಗೆ ನಡೆದೇಬಿಟ್ಟರು. ನಗುತ್ತಿದ್ದ ಹುಡುಗರನ್ನೆಲ್ಲ ಆಕೆ ಇಷ್ಟು ವರ್ಷ ನಗಲು ಬಿಟ್ಟಿದ್ದರು ಎಂದು ನನಗೆ ಆಗ ಹೊಳೆಯಿತು.

ಆ ಮಧ್ಯಾಹ್ನದಷ್ಟು ಹಗುರಾಗಿ ಕಾಕಾರನ್ನು ನಾನು ಕಂಡಿಲ್ಲ. ಗಾಜಿನ ಆಚೆ ಅವರ ನಾಲ್ಕು ಟ್ಯಾಂಕ್ ಸಾಲಾಗಿ ನಿಂತಿದ್ದವು. ಒಳಗೆ ಬಿಡಲಿಲ್ಲ, ಗಾಜಿಗೆ ಹಣೆ ಒತ್ತಿಯೇ ನೋಡಿದೆವು. ಕಾಕಾ ಒಂದೊಂದನ್ನೂ ಬೆರಳು ಮಾಡಿ ತೋರಿಸುತ್ತಾ, ಇದನ್ನು ಮಾಡುವಾಗ ಜ್ವರ ಬಂದಿತ್ತು, ಅದನ್ನು ಮಾಡುವಾಗ ನೀನು ಊರಿಗೆ ಹೋಗಿದ್ದೆ ಎಂದು ಹೇಳುತ್ತಿದ್ದರು. ಚಿಗವ್ವ "ಹೌದ? ಹೌದೇನು?" ಎಂದು ಕೇಳಿಸಿಕೊಂಡರು. ಕೂತ ಮೇಲೆ ನಿಂಬೆ ಸೋಡಾ, ಮಸಾಲೆ ಶೇಂಗಾ ತರಿಸಿದೆವು. ರುಚಿ ನೋಡಲೆಂದು ಪುಟ್ಟ ಲೋಟಗಳಲ್ಲಿ ಬಿಯರನ್ನೂ ತಂದಿಟ್ಟರು. ಕಾಕಾ ಜೀವಮಾನದಲ್ಲಿ ಮುಟ್ಟಿದವರಲ್ಲ, ಮುಟ್ಟಲಿಲ್ಲ. ಚಿಗವ್ವ ಮಾತ್ರ ಅತ್ತಿತ್ತ ನೋಡಿ ನಾಲಿಗೆ ಅದ್ದಿ, ಮುಖ ಕಿವುಚಿ, "ಥೂ, ಕಹಿ! ಇದಕ್ಕ ಅಷ್ಟು ಛಂದ ಟ್ಯಾಂಕ್ ಬೇಕಾಗಿತ್ತೇನ್ರಿ?" ಅಂದರು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಸಂಜೆ ಯಾವುದೋ ಕೆರೆಯ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು.

ಟೂರ್ ಅಲ್ಲಿಗೇ ಮುಗಿಸಿ ವಾಪಸ್ ಬಂದಿದ್ದರೆ ಆಗುತ್ತಿತ್ತು. ಆದರೆ ಬಿಲ್ಲೆ ಹಾಕಿದ ಆರು ಟ್ಯಾಂಕುಗಳನ್ನು ನೋಡುವುದನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಶೆಡ್ಡಿನಲ್ಲಿ ಮಾಡಿದ್ದರಲ್ಲೆಲ್ಲ ದೊಡ್ಡವು ಅವೇ ಎಂದು ಚಿಗವ್ವನಿಗೆ ಗೊತ್ತಿತ್ತು, ಬಿಡುವಂತಿರಲಿಲ್ಲ. ಬೆಳಿಗ್ಗೆ ಲಾಡ್ಜಿನ ಹೊರಗೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, "ಆಕಿಗೆ ಇಂಗ್ಲಿಷ್ ಓದಾಕ ಬರೂದಿಲ್ಲ. ಸುಮ್ನ ದೂರದಿಂದ ತೋರ್ಸಿ ಬರೂಣು" ಅಂದರು. ಒಂದು ಸುಳ್ಳು ಬಯಲಾದ ಮರುದಿನವೇ ಇನ್ನೊಂದನ್ನು ಇವರು ಹೀಗೆ ಕಾಪಾಡುತ್ತಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ಅದನ್ನೂ ಹೇಳಿಬಿಡಿ ಅಂದೆ. "ಹಾಲಿನದು ಬ್ಯಾರೆ, ಇದು ಬ್ಯಾರೆ" ಎಂದು ಮುಂದೆ ನಡೆದರು.

ಅಲ್ಲಿ ದೂರದಿಂದ ನೋಡುವ ಪ್ರಶ್ನೆಯೇ ಬರಲಿಲ್ಲ. ರಜೆಯ ದಿನಗಳಲ್ಲಿ ಬಂದವರನ್ನೆಲ್ಲ ಒಳಗೆ ಕರೆದುಕೊಂಡು ಹೋಗಿ ಬಿಯರ್ ಹೇಗಾಗುತ್ತದೆಂದು ತೋರಿಸುವ ಏರ್ಪಾಡಿತ್ತು. ಜೋಡಿ ಜೋಡಿಯಾಗಿ ಬಂದ ಹುಡುಗ ಹುಡುಗಿಯರು, ಗಂಡ ಹೆಂಡಿರು, ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಫೋನು. ಕೋಟು ಹಾಕಿದ ಮ್ಯಾನೇಜರ್ ಮುಂದೆ, ನಾವು ಹಿಂದೆ. ಆತ ಇಂಗ್ಲಿಷಿನಲ್ಲಿ ವಿವರಿಸುತ್ತಾ ಟ್ಯಾಂಕುಗಳ ಮುಂದೆ ನಿಂತು ಹಿತ್ತಾಳೆ ಬಿಲ್ಲೆಯನ್ನು ತಟ್ಟಿದ. ಹೇಳಿದ್ದರಲ್ಲಿ ಚಿಗವ್ವನಿಗೆ ಒಂದೇ ಒಂದು ಪದ ತಿಳಿಯಿತು, ಜರ್ಮನಿ. ನನ್ನ ತೋಳು ತಿವಿದು ಕೇಳಿದರು. ನಾನು ಹೇಳಿದೆ: ಇವೆಲ್ಲ ಜರ್ಮನಿಯಿಂದ ಬಂದವು ಅಂತಿದ್ದಾರೆ ಚಿಗವ್ವ.

ಆಕೆ ಗಂಡನ ಮುಖ ನೋಡಲಿಲ್ಲ, ನೇರ ಟ್ಯಾಂಕಿನ ಹಿಂದಕ್ಕೆ ಹೋದರು. ಸೆರಗು ಸಿಕ್ಕಿಸಿ, ಮೊಣಕಾಲೂರಿ, ಹಿಂಗಾಲಿನ ಒಳಬದಿಗೆ ಕೈ ಹಾಕಿ ತಡಕಿದರು. ಮ್ಯಾನೇಜರ್ ಓಡಿ ಬಂದ.

"ಅಮ್ಮಾ, ಅಲ್ಲೆಲ್ಲ ಮುಟ್ಬಾರ್ದು. ಇದು ಇಂಪೋರ್ಟೆಡ್ದು, ಜರ್ಮನಿಯಿಂದ ಹಡಗಲ್ಲಿ ಬಂದಿರೋದು."

"ಜರ್ಮನಿ ಅಲ್ರಿ. ನಮ್ಮವ್ರು ಮಾಡಿದ್ದಿದು" ಅಂದರು ಚಿಗವ್ವ. ದನಿಯಲ್ಲಿ ಜಗಳ ಇರಲಿಲ್ಲ, ದಾರಿ ತಪ್ಪಿದವರಿಗೆ ದಾರಿ ಹೇಳುವ ಹಾಗೆ ಹೇಳಿದರು. "ಬಗ್ಗಿ ನೋಡ್ರಿ ಬೇಕಾದ್ರ. ಇಲ್ಲಿ ಬೊಟ್ಟು ಐತಿ. ನಾನ ಕುಂಕುಮ ಇಟ್ಟು ಕಳಿಸೀನಿ."

ಜನ ಸುತ್ತ ನಿಂತರು. ಮ್ಯಾನೇಜರ್ ಕಾಕಾರನ್ನು ಮೇಲಿಂದ ಕೆಳಗೆ ನೋಡಿ, "ಹೌದಾ ಸಾರ್? ಯಾವ ಕಂಪನಿ ನಿಮ್ದು?" ಅಂದ. ಅವನಿಗೂ ನಿಜ ಗೊತ್ತಿತ್ತೋ ಇಲ್ಲವೋ, ಈವರೆಗೂ ನನಗೆ ತಿಳಿಯದು. ನಾನು ಕಾಕಾರನ್ನೇ ನೋಡುತ್ತಿದ್ದೆ. ಗ್ಲೌಸು ಕಳಚಿ ಕೊಡುವ ಹೊತ್ತು ಅದು. ಚಲೋ ಅನ್ರಿ ಇಲ್ಲಾ ಹಾಳಾಗೈತಿ ಅನ್ರಿ, ನಡಕ ನಿಂದ್ರಬ್ಯಾಡ್ರಿ ಎಂದವರು ಮಾತಾಡಬೇಕಾದ ಹೊತ್ತು.

ಕಾಕಾ ಕೈ ಜೋಡಿಸಿದರು. "ಇಲ್ರಿ ಸಾರ್. ಆಕಿಗೆ ತಿಳಿಯೂದಿಲ್ಲ. ನಾವು ಹಾಲಿನ ಟ್ಯಾಂಕ್ ಮಾಡ್ತೀವ್ರಿ, ಅಷ್ಟ."

"ಕಾಕಾ..." ಎಂದೆ ನಾನು. "ನೀ ಸುಮ್ನಿರು" ಎಂದು ಕಣ್ಣು ಬಿಟ್ಟರು. ಆ ಕಣ್ಣು ಬಿಡುವ ಧೈರ್ಯ ನನ್ನ ಮೇಲೆ ಮಾತ್ರ ಇತ್ತು.

ಯಾರೋ ಒಬ್ಬಳು "ಸೋ ಸ್ವೀಟ್" ಅಂದಳು. ನಾಲ್ಕೈದು ಮಂದಿ ನಕ್ಕರು, ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುವಂಥದ್ದು. ಚಿಗವ್ವನ ಬೆರಳು ಇನ್ನೂ ಆ ಬೊಟ್ಟಿನ ಮೇಲೇ ಇತ್ತು. ಮೆಲ್ಲಗೆ ತೆಗೆದು, ಸೆರಗಿಗೆ ಒರೆಸಿಕೊಂಡು, ಎದ್ದು ನಿಂತು, ಮ್ಯಾನೇಜರಿಗೆ "ತಪ್ಪಾತ್ರಿ" ಅಂದರು. ಆಮೇಲೆ ಎಲ್ಲರ ಜೊತೆ ಮಿಕ್ಕ ಟ್ಯಾಂಕುಗಳನ್ನೂ ನೋಡಿದರು. ಯಾವುದರ ಹಿಂದೆಯೂ ಬಗ್ಗಲಿಲ್ಲ.

ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಟ್ಯಾಂಕುಗಳನ್ನೂ ನೋಡಬೇಕೆಂದಿದ್ದದ್ದು ಅಲ್ಲಿಗೆ ನಿಂತಿತು. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸುವಾಗ ಕಾಕಾ ನೀರು ತರಲು ಹೋದರು. ಆಗ ಚಿಗವ್ವ ನನ್ನ ಜೊತೆ ಆಡಿದ್ದು ಇಷ್ಟೇ: "ನನ್ನ ಮುಂದ ಸುಳ್ಳು ಹೇಳಿದ್ರು, ಅದು ಮನೀ ಮಾತು, ನಾ ನುಂಗ್ತೀನಿ. ಇವತ್ತ ಮಂದಿ ಮುಂದ ತಮ್ಮನ್ನ ತಾವ ಇಲ್ಲ ಅಂದ್ರಲ್ಲ. ಅದನ್ನ ಹೆಂಗ ನುಂಗ್ಲಿ ಬೇ?"

ಕಾಕಾ ತಮ್ಮ ಕಡೆಯ ಮಾತನ್ನು ನನಗೆ ಶೆಡ್ಡಿನಲ್ಲಿ ಹೇಳಿದರು, ಕೇಳದೆಯೇ. ಆ ಬ್ರೂವರಿಯವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ತೆರೆಯುವವರಿದ್ದರು, ಆ ಟ್ಯಾಂಕುಗಳ ಕೆಲಸ ನಮಗೆ ಬರುವುದಿತ್ತು. "ನಾ ಹೌದು ಅಂದಿದ್ರ ಆರ್ಡರ್ ಹೋಗ್ತಿತ್ತು. ಈ ಹುಡುಗರು ಎಲ್ಲಿ ಹೋಗ್ಬೇಕು?" ಅಂದರು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹುಡುಗರ ಹೊಟ್ಟೆಪಾಡಿನ ಯೋಚನೆ ಅಷ್ಟು ಬೇಗ ಯಾರಿಗೂ ಬರುವುದಿಲ್ಲ. ಕೋಟು ಕಂಡ ಕೂಡಲೇ ಬಗ್ಗಿದ್ದು ಕತ್ತು, ಕಾರಣ ಹುಡುಕಿದ್ದು ಆಮೇಲೆ. ಬೈಯುತ್ತಿದ್ದ ಕಾಕಾ, ಗುಡುಗುತ್ತಿದ್ದ ಕಾಕಾ ನಮ್ಮ ತಗಡಿನ ಸೂರಿನ ಕೆಳಗೆ ಮಾತ್ರ ಇದ್ದರು ಎಂದು ತಿಳಿದದ್ದು ನನಗೆ ಅವಮಾನ ಅನ್ನಿಸಿತು. ಇನ್ನೂ ಅನ್ನಿಸುತ್ತದೆ. ಅಂದಹಾಗೆ ಆ ಆರ್ಡರ್ ನಮಗೆ ಬರಲೂ ಇಲ್ಲ, ಬೊಮ್ಮನಹಳ್ಳಿ ಕಡೆಯ ಇನ್ನೊಂದು ಶೆಡ್ಡಿಗೆ ಹೋಯಿತು.

ಚಿಗವ್ವ ಶೆಡ್ಡಿಗೆ ಬರುವುದು ನಿಲ್ಲಿಸಿದರು. ಜಗಳವಿಲ್ಲ, ಮಾತು ಬಿಟ್ಟದ್ದಿಲ್ಲ. ಮಧ್ಯಾಹ್ನದ ಬುತ್ತಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ರೊಟ್ಟಿ ಮೊದಲಿನಷ್ಟೇ ಮೆತ್ತಗಿರುತ್ತಿತ್ತು. ಟ್ಯಾಂಕ್ ಸಿದ್ಧವಾಗಿದೆ ಎಂದು ಹೇಳಿಕಳಿಸಿದರೆ ಮಾತ್ರ, ಕೆಲಸ ಐತಿ ಅನ್ನುವರು. ಕಾಕಾ ಪ್ರತಿ ಟ್ಯಾಂಕಿಗೂ ಹಿಂಗಾಲಿನ ಹನಿ ಬಿಡುತ್ತಲೇ ಇದ್ದರು. ಅದು ಕುಂಕುಮವಿಲ್ಲದೆ ಲಾರಿ ಹತ್ತುತ್ತಿತ್ತು. ಒಮ್ಮೆ ನಾನೇ ಇಡಲೇ ಎಂದು ಕೇಳಿದೆ. ಅವರು ಶೆಡ್ ನಡುಗುವಂತೆ ಬೈದರು, ನನಗೆ ಮೊದಲಿನ ಹಾಗೆ ಹೆದರಿಕೆಯಾಗಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ವೈಟ್‌ಫೀಲ್ಡಿನ ಆ ಬ್ರೂವರಿ ಮುಚ್ಚಿತು. ಅಂಥವು ಎದ್ದಷ್ಟೇ ಬೇಗ ಬೀಳುತ್ತವೆ. ಸಾಮಾನು ಮಾರಾಟಕ್ಕೆ ಬಂದಾಗ ನಮ್ಮ ಮಾಲೀಕರು ಆರೂ ಟ್ಯಾಂಕ್ ಕೊಂಡರು, ಪಾಲಿಶ್ ಮಾಡಿ ಹೊಸದೆಂದು ಮಾರುವ ಲೆಕ್ಕ. ಅವು ಬಿಲ್ಲೆ ಸಮೇತ ಲಾರಿಯಲ್ಲಿ ಮಲಗಿ ಹುಟ್ಟಿದ ಜಾಗಕ್ಕೆ ವಾಪಸ್ ಬಂದವು. ಕಾಕಾ ಅಂದು ಬೀಡಿಗೂ ಹೊರಗೆ ಹೋಗದೆ ಒಂದೊಂದೇ ಬಿಲ್ಲೆ ಕಿತ್ತರು, ತೂತು ಮುಚ್ಚಿದರು, ಗುರುತು ಉಳಿಯದ ಹಾಗೆ ತಿಕ್ಕಿದರು. ಆಮೇಲೆ ಮನೆಗೆ ಹೋಗಿ ಚಿಗವ್ವನನ್ನು ಕರೆದುಕೊಂಡು ಬಂದರು. ಏನು ಹೇಳಿ ಕರೆತಂದರೋ. ಆಕೆ ಮನೆಯಲ್ಲುಡುವ ಹಳೆಯ ಸೀರೆಯಲ್ಲೇ ಬಂದಿದ್ದರು, ಕೈ ಬರಿದಾಗಿತ್ತು. ಕುಂಕುಮದ ಡಬ್ಬಿ ಕಾಕಾ ಕೈಯಲ್ಲಿತ್ತು.

ಅವರು ಶೆಡ್ಡಿನ ನಡುವೆ ನಿಂತು, ಕ್ರೇನು ನಿಲ್ಲಿಸಿ, ಎಲ್ಲರನ್ನೂ ಕರೆದು ಕೂಗಿದರು: "ಕೇಳ್ರಿ ಎಲ್ಲಾರೂ! ಈ ಟ್ಯಾಂಕ್ ನಾ ಮಾಡಿದ್ದು! ನಾನ ಮಾಡಿದ್ದು!" ಕತ್ತಿನ ನರ ಉಬ್ಬಿತ್ತು. ನಮಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಚಿಗವ್ವ "ಇಲ್ಲಿ ಯಾರಿಗೆ ಗೊತ್ತಿಲ್ರಿ ಅದು?" ಅಂದರು.

ಕಾಕಾ ಡಬ್ಬಿ ಮುಂದೆ ಹಿಡಿದರು.

"ಜರ್ಮನಿಯವರ ಟ್ಯಾಂಕಿಗೆ ನಾ ಯಾಕ ಬೊಟ್ಟಿಡ್ಲಿ?" ಎಂದ ಚಿಗವ್ವ, ಅನ್ನಕ್ಕಿಟ್ಟು ಬಂದೀನಿ ಅಂತ ಹೊರಟು ಹೋದರು. ಹುಡುಗರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು. ಸಂಜೆ ನಾನು ಮೆಟ್ಟಿಲಿಳಿದು ಬರುವಾಗ ಕಾಕಾ ನೆಲದ ಮೇಲೆ ಅಂಗಾತ ಮಲಗಿ, ಗ್ರೈಂಡರ್ ಹಿಡಿದು, ಆರೂ ಟ್ಯಾಂಕುಗಳ ಹಿಂಗಾಲಿನ ಬೊಟ್ಟು ಸವೆಸುತ್ತಿದ್ದರು. ಅಲ್ಲಿಂದಾಚೆ ಯಾವ ಟ್ಯಾಂಕಿಗೂ ಅವರು ಹನಿ ಬಿಡಲಿಲ್ಲ.

ಅವರು ಹೋದದ್ದು ಈ ಬೇಸಿಗೆಯಲ್ಲಿ. ಎದೆಯ ಕೆಮ್ಮು ಬಹಳ ದಿನದಿಂದ ಇತ್ತು, ಕೇಳಿದರೆ ಹೊಗೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಏಳಲಿಲ್ಲ. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆ ಶೆಡ್ಡಿನಲ್ಲಿ ನಾನು ಅಷ್ಟು ಮೆಚ್ಚಿದ ಮನುಷ್ಯ ಬೇರೆ ಇರಲಿಲ್ಲ, ಅದಕ್ಕೇ ಇಳಿದಿಲ್ಲ. ಅವರು ಹೌದು ಅಂದಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೆಚ್ಚೆಂದರೆ ಮ್ಯಾನೇಜರ್ ಮುಖ ಗಂಟಿಕ್ಕುತ್ತಿದ್ದ, ಮಾಲೀಕರು ಒಂದಷ್ಟು ದಿನ ಹಾರಾಡುತ್ತಿದ್ದರು. ಕೆಂಪು ಬೊಟ್ಟಿಟ್ಟ ಟ್ಯಾಂಕುಗಳು ಇನ್ನೂ ಲಾರಿ ಹತ್ತುತ್ತಿದ್ದವು.

ನಾನು ಹೋದಾಗ ಅವರನ್ನು ಗಲ್ಲಿಯ ನೆರಳಿನಲ್ಲಿ ಮಲಗಿಸಿದ್ದರು. ಊರಿನಿಂದ ಜನ ಬರುವುದನ್ನು ಕಾಯುತ್ತಿದ್ದರು. ಚಿಗವ್ವ ತಲೆಯ ಬಳಿ ಕೂತಿದ್ದರು, ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಹೂವಿನ ಹಾರ ಇಟ್ಟು, ಏನಾದರೂ ಕೇಳಬೇಕಲ್ಲ ಎಂದು ಮೆಲ್ಲಗೆ ಕೇಳಿದಳು:

"ಯಜಮಾನ್ರು ಏನ್ ಕೆಲಸ ಮಾಡ್ತಿದ್ರಮ್ಮ?"

ಹೇಳಲು ನಾನು ಬಾಯಿ ತೆರೆದೆ. ಚಿಗವ್ವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು. ಗಂಡನ ಮುಖ ನೋಡುತ್ತಲೇ, ಸಾವಕಾಶವಾಗಿ ಅಂದರು:

"ಹಾಲಿನ ಟ್ಯಾಂಕ್ ಮಾಡ್ತಿದ್ರು. ಅಷ್ಟ."